ಹೊರದೇಶದ ಉಳಿತಾಯವನ್ನು ತಾಯ್ನಾಡಿಗೆ ತರುವುದು: ಹೊರಡುವ ಮೊದಲೇ ಮುಗಿಸಬೇಕಾದ ಕೆಲಸ

ಹೊರದೇಶದಲ್ಲಿ ವರ್ಷಗಟ್ಟಲೆ ದುಡಿದು ತಾಯ್ನಾಡಿಗೆ ಮರಳುವವರು ಬಹುಮಟ್ಟಿಗೆ ಒಂದೇ ಕ್ರಮವನ್ನು ಅನುಸರಿಸುತ್ತಾರೆ. ಕೆಲಸಕ್ಕೆ ರಾಜೀನಾಮೆ ಕೊಡುತ್ತಾರೆ, ಬಾಡಿಗೆ ಮನೆಯನ್ನು ಬಿಟ್ಟುಕೊಡುತ್ತಾರೆ, ಸಾಮಾನು ಸಾಗಿಸುತ್ತಾರೆ, ಮೊಬೈಲ್ ಸಂಪರ್ಕವನ್ನು ರದ್ದುಮಾಡಿಸಿ ವಿಮಾನ ಹತ್ತುತ್ತಾರೆ. ಬ್ಯಾಂಕಿನಲ್ಲಿರುವ ಉಳಿತಾಯವನ್ನು ಮಾತ್ರ, ಅದೇನು ಓಡಿಹೋಗುವುದಿಲ್ಲವಲ್ಲ ಎಂದುಕೊಂಡು, ಕೊನೆಗೆ ಇಟ್ಟುಕೊಳ್ಳುತ್ತಾರೆ. ತಿಂಗಳು ಕಳೆದು ಹಣ ತರಿಸಿಕೊಳ್ಳಲು ಕುಳಿತಾಗ ಬ್ಯಾಂಕು ತನ್ನ ಒಟಿಪಿಯನ್ನು ರದ್ದಾಗಿಹೋದ ಅದೇ ಹಳೆಯ ಮೊಬೈಲ್ ಸಂಖ್ಯೆಗೆ ಕಳಿಸುತ್ತದೆ. ಸಂಖ್ಯೆಯನ್ನು ಬದಲಾಯಿಸಿಕೊಡಿ ಎಂದು ಕೇಳಿದರೆ ಗುರುತಿನ ದಾಖಲೆಯೊಂದಿಗೆ ಶಾಖೆಗೆ ಖುದ್ದಾಗಿ ಬನ್ನಿ ಎಂಬ ಉತ್ತರ ಬರುತ್ತದೆ, ಆ ಶಾಖೆಯಾದರೋ ಈಗ ಸಮುದ್ರದ ಆಚೆಗಿದೆ, ಅಲ್ಲಿಗೆ ಮತ್ತೆ ಕಾಲಿಡಲು ಬೇಕಾದ ವೀಸಾ ಕೂಡ ಮುಗಿದಿದೆ.

ಹಣ ಕಳಿಸುವ ಕ್ರಿಯೆ ಎನ್ನುವುದು ಐದು ನಿಮಿಷದ್ದು. ಅದರ ಹಿಂದಿನ ಸಿದ್ಧತೆ ತಿಂಗಳುಗಳದ್ದು, ಮತ್ತು ಆ ಸಿದ್ಧತೆಯ ಬಹುಪಾಲನ್ನು ದುಡಿದ ದೇಶದಲ್ಲಿ ಇನ್ನೂ ನಿವಾಸಿಯಾಗಿರುವಾಗಲೇ ಮಾಡಲು ಸಾಧ್ಯ. ಕಷ್ಟಪಟ್ಟು ಕೂಡಿಟ್ಟ ಹಣದ ಒಂದು ಭಾಗ ಕೇವಲ ಕೆಲಸಗಳ ಅನುಕ್ರಮ ತಪ್ಪಿದ್ದಕ್ಕಾಗಿ ಸೋರಿಹೋಗುವುದು ನೋವಿನ ಸಂಗತಿ. ಹೀಗೇಕಾಗುತ್ತದೆ ಎಂದು ತಿಳಿಯಬೇಕಾದರೆ ಹಣವು ಗಡಿಯನ್ನು ಹೇಗೆ ದಾಟುತ್ತದೆ ಎಂಬುದರಿಂದಲೇ ಆರಂಭಿಸಬೇಕು.

ವಾಸ್ತವದಲ್ಲಿ ಹಣ ಎಲ್ಲಿಯೂ ಪ್ರಯಾಣ ಮಾಡುವುದಿಲ್ಲ. ನಿಮ್ಮ ಬ್ಯಾಂಕು ನಿಮ್ಮ ಖಾತೆಯಿಂದ ಮೊತ್ತವನ್ನು ಕಳೆಯುತ್ತದೆ, ತಾಯ್ನಾಡಿನ ಬ್ಯಾಂಕು ಅಲ್ಲಿನ ನಿಮ್ಮ ಖಾತೆಗೆ ಅದನ್ನು ಕೂಡಿಸುತ್ತದೆ, ನಡುವೆ ಸಾಗುವುದು ಒಂದು ಸಂದೇಶ ಮಾತ್ರ. ಈ ಲೆಕ್ಕ ಸರಿಹೊಂದಬೇಕಾದರೆ ಎರಡೂ ಬ್ಯಾಂಕುಗಳ ನಡುವೆ ಖಾತೆಯ ಸಂಬಂಧವಿರಬೇಕು. ಒಂದು ಬ್ಯಾಂಕು ಪರದೇಶದ ಇನ್ನೊಂದು ಬ್ಯಾಂಕಿನಲ್ಲಿ ಇಟ್ಟುಕೊಂಡಿರುವ ಖಾತೆಯನ್ನು ಆ ವೃತ್ತಿಯವರು ಇಟಾಲಿಯನ್ ಭಾಷೆಯ 'ನಮ್ಮದು' ಎಂಬ ಅರ್ಥದ ಪದದಿಂದ ನಾಸ್ಟ್ರೋ ಎಂದೂ, ಅದೇ ಖಾತೆಯನ್ನು ಎದುರಿನ ಬ್ಯಾಂಕಿನ ಕಡೆಯಿಂದ ನೋಡಿದಾಗ 'ನಿಮ್ಮದು' ಎಂಬ ಅರ್ಥದಲ್ಲಿ ವಾಸ್ಟ್ರೋ ಎಂದೂ ಕರೆಯುತ್ತಾರೆ. ಸಂದೇಶವನ್ನು ಒಯ್ಯುವ ವ್ಯವಸ್ಥೆಗಳಲ್ಲಿ ಮುಖ್ಯವಾದುದು ಸ್ವಿಫ್ಟ್. 15 ದೇಶಗಳ 239 ಬ್ಯಾಂಕುಗಳು ಸೇರಿ 1973ರಲ್ಲಿ ಬೆಲ್ಜಿಯಂನಲ್ಲಿ ಕಟ್ಟಿದ ಈ ಸಹಕಾರಿ ಸಂಸ್ಥೆಯಲ್ಲಿ ಇಂದು 200ಕ್ಕೂ ಹೆಚ್ಚು ದೇಶ ಮತ್ತು ಪ್ರದೇಶಗಳ 11,000ಕ್ಕೂ ಹೆಚ್ಚು ಸಂಸ್ಥೆಗಳಿವೆ. ಸ್ವಿಫ್ಟ್ ಯಾರ ಹಣವನ್ನೂ ಹಿಡಿದುಕೊಳ್ಳುವುದಿಲ್ಲ, ಇಷ್ಟು ಮೊತ್ತವನ್ನು ಇಂಥವರಿಗೆ ಕೊಡಿ ಎಂಬ ಆದೇಶವನ್ನು ಸುರಕ್ಷಿತವಾಗಿ ತಲುಪಿಸುತ್ತದೆ, ಅಷ್ಟೆ.

ಎರಡು ಬ್ಯಾಂಕುಗಳ ನಡುವೆ ನೇರ ಸಂಬಂಧವಿಲ್ಲದಿದ್ದರೆ ಇಬ್ಬರಿಗೂ ಪರಿಚಯವಿರುವ ಮೂರನೆಯ ಬ್ಯಾಂಕು ಮಧ್ಯೆ ಬರಬೇಕಾಗುತ್ತದೆ, ಕೆಲವೊಮ್ಮೆ ನಾಲ್ಕನೆಯದೂ ಬರುತ್ತದೆ. ಪ್ರತಿಯೊಂದು ಮಧ್ಯವರ್ತಿ ಬ್ಯಾಂಕಿಗೂ ತನ್ನದೇ ಆದ ಶುಲ್ಕವಿದೆ, ತನ್ನದೇ ಆದ ತಪಾಸಣೆಯಿದೆ, ಕೆಲಸದ ದಿನಗಳೂ ಬೇರೆ. ಉದಾಹರಣೆಗೆ, ಸೌದಿ ಅರೇಬಿಯಾದಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಅಲ್ಲಿಂದ ಗುರುವಾರ ಸಂಜೆ ಕಳಿಸಿದ ಹಣ ಶನಿವಾರ ಮತ್ತು ಭಾನುವಾರ ರಜೆಯಿರುವ ದೇಶಕ್ಕೆ ಹೋಗಬೇಕಾದರೆ ಸೋಮವಾರದವರೆಗೆ ಅದರ ಸುದ್ದಿಯೇ ಇರದಿರಬಹುದು. ಸಾಲದ್ದಕ್ಕೆ, ತಪಾಸಣೆಯ ಹೊರೆಯೂ ವೆಚ್ಚವೂ ಹೆಚ್ಚಿದ್ದರಿಂದ 2011 ಮತ್ತು 2018ರ ನಡುವೆ ಬ್ಯಾಂಕುಗಳ ಇಂತಹ ಪರಸ್ಪರ ಸಂಬಂಧಗಳಲ್ಲಿ ಸುಮಾರು ಐದನೇ ಒಂದು ಭಾಗ ಕಡಿದುಹೋಯಿತು. ಸಣ್ಣ ದೇಶಗಳಿಗೆ ಮರಳುವವರ ಹಣ ಸುತ್ತುದಾರಿಯಲ್ಲಿ ಬರುವುದಕ್ಕೆ ಇದೂ ಒಂದು ಕಾರಣ.

ಕಳಿಸಿದ ಬ್ಯಾಂಕು 'ಕಳಿಸಿದ್ದೇವೆ' ಎನ್ನುವಾಗ, ಪಡೆಯಬೇಕಾದ ಬ್ಯಾಂಕು 'ಬಂದಿಲ್ಲ' ಎನ್ನುವಾಗ ಗ್ರಾಹಕನು ಅಸಹಾಯಕನಾಗಬೇಕಿಲ್ಲ. 2017ರಲ್ಲಿ ಸ್ವಿಫ್ಟ್ ಜಾರಿಗೆ ತಂದ ಪತ್ತೆ ವ್ಯವಸ್ಥೆಯಿಂದಾಗಿ ಇಂದು ಪ್ರತಿಯೊಂದು ಪಾವತಿಗೂ 36 ಅಕ್ಷರಗಳ ಒಂದು ವಿಶಿಷ್ಟ ಗುರುತು ಸಂಖ್ಯೆ ಇರುತ್ತದೆ, ಅದನ್ನು ಯುಇಟಿಆರ್ ಎನ್ನುತ್ತಾರೆ. ಆ ಸಂಖ್ಯೆಯಿದ್ದರೆ ಹಣ ಯಾವ ಬ್ಯಾಂಕಿನ ಮೇಜಿನಲ್ಲಿ ನಿಂತಿದೆ, ಎಷ್ಟು ಶುಲ್ಕ ಎಲ್ಲಿ ಕಡಿತವಾಯಿತು ಎಂಬುದನ್ನು ನೋಡಲು ಸಾಧ್ಯ. ಆದ್ದರಿಂದ ದೊಡ್ಡ ಮೊತ್ತವನ್ನು ಕಳಿಸಿದ ದಿನವೇ ಈ ಸಂಖ್ಯೆಯನ್ನೂ, ಪಾವತಿ ಸಂದೇಶದ ಪ್ರತಿಯನ್ನೂ ಬ್ಯಾಂಕಿನಿಂದ ಕೇಳಿ ಪಡೆದುಕೊಳ್ಳಬೇಕು. ಕೇಳದಿದ್ದರೆ ಸಾಮಾನ್ಯವಾಗಿ ಕೊಡುವುದಿಲ್ಲ.

ಕಳಿಸುವ ನಮೂನೆಯಲ್ಲಿ ಹೆಚ್ಚಿನವರು ಓದದೆ ದಾಟಿಬಿಡುವ ಒಂದು ಪ್ರಶ್ನೆಯಿದೆ: ಶುಲ್ಕವನ್ನು ಯಾರು ಭರಿಸುತ್ತಾರೆ? ಮೂರು ಆಯ್ಕೆಗಳಿರುತ್ತವೆ. ಎಲ್ಲ ಶುಲ್ಕವೂ ಕಳಿಸುವವರದು ಎನ್ನುವುದು ಒಂದು, ಇಬ್ಬರೂ ತಮ್ಮ ತಮ್ಮ ಬ್ಯಾಂಕಿನ ಶುಲ್ಕವನ್ನು ಕೊಡುವುದು ಇನ್ನೊಂದು, ಎಲ್ಲವನ್ನೂ ಪಡೆಯುವವರ ಮೊತ್ತದಿಂದಲೇ ಕಳೆಯುವುದು ಮತ್ತೊಂದು. ಮನೆ ಅಥವಾ ಜಮೀನಿನ ಖರೀದಿಗೆ ನಿಖರವಾಗಿ ಇಷ್ಟೇ ಮೊತ್ತ ತಲುಪಬೇಕು ಎಂದಿದ್ದರೆ ಮೊದಲನೆಯದನ್ನೇ ಆಯ್ದುಕೊಳ್ಳಬೇಕು. ಖಾತೆ ಸಂಖ್ಯೆಯ ವಿಷಯದಲ್ಲಿಯೂ ಒಂದು ಮಾತು. ಯುರೋಪು ಮೊದಲಾದ ಕಡೆ ಬಳಕೆಯಲ್ಲಿರುವ ಐಬಾನ್ ಸಂಖ್ಯೆಯಲ್ಲಿ ದೇಶದ ಎರಡು ಅಕ್ಷರಗಳ ನಂತರ ಬರುವ ಎರಡು ಅಂಕಿಗಳು ತಪಾಸಣೆಗಾಗಿಯೇ ಇರುತ್ತವೆ. ಇಡೀ ಸಂಖ್ಯೆಯನ್ನು ಒಂದು ನಿಗದಿತ ಕ್ರಮದಲ್ಲಿ ಜೋಡಿಸಿ 97ರಿಂದ ಭಾಗಿಸಿದಾಗ ಶೇಷ 1 ಬರಬೇಕು, ಒಂದು ಅಂಕಿ ತಪ್ಪಾಗಿದ್ದರೂ ಶೇಷ ಬೇರೆಯಾಗಿ ತಪ್ಪು ಅಲ್ಲಿಯೇ ಬಯಲಾಗುತ್ತದೆ. ಆದರೆ ಐಬಾನ್ ಬಳಸದ ದೇಶಗಳೂ ಬಹಳವಿವೆ, ಅಲ್ಲೆಲ್ಲ ಇಂತಹ ರಕ್ಷಣೆ ಇದೆಯೆಂದು ನಂಬಿ ಕೂರುವಂತಿಲ್ಲ. ಇಡೀ ಉಳಿತಾಯವನ್ನು ಕಳಿಸುವ ಮೊದಲು ಸಣ್ಣದೊಂದು ಮೊತ್ತವನ್ನು ಕಳಿಸಿ, ಅದು ತಲುಪಿದ್ದನ್ನು ಕಣ್ಣಾರೆ ನೋಡಿ, ಎಷ್ಟು ಕಡಿತವಾಗಿದೆ ಎಂದು ಲೆಕ್ಕ ಹಾಕಿ ಮುಂದುವರಿಯುವುದೇ ಕ್ಷೇಮ.

ಈಗ ಹಣ ನಿಜವಾಗಿ ಸೋರುವ ಜಾಗಕ್ಕೆ ಬರೋಣ, ಅದು ವಿನಿಮಯ ದರ. ಅಂತರರಾಷ್ಟ್ರೀಯ ಇತ್ಯರ್ಥ ಬ್ಯಾಂಕು ಮೂರು ವರ್ಷಕ್ಕೊಮ್ಮೆ ನಡೆಸುವ ಸಮೀಕ್ಷೆಯಂತೆ ವಿದೇಶಿ ವಿನಿಮಯ ಮಾರುಕಟ್ಟೆಯ ದಿನವೊಂದರ ಸರಾಸರಿ ವಹಿವಾಟು 2022ರ ಏಪ್ರಿಲ್‌ನಲ್ಲಿ 7.5 ಲಕ್ಷ ಕೋಟಿ ಡಾಲರ್ ಇದ್ದುದು 2025ರ ಏಪ್ರಿಲ್ ಹೊತ್ತಿಗೆ 9.6 ಲಕ್ಷ ಕೋಟಿ ಡಾಲರ್ ಆಗಿತ್ತು. ಅಲ್ಲಿ ಬ್ಯಾಂಕುಗಳು ತಮ್ಮತಮ್ಮೊಳಗೆ ಕೊಳ್ಳುವ ಮತ್ತು ಮಾರುವ ದರಗಳ ನಡುಬಿಂದುವನ್ನು ಮಧ್ಯಮ ದರ ಎನ್ನುತ್ತಾರೆ, ಅಂತರ್ಜಾಲದಲ್ಲಿ ಹುಡುಕಿದಾಗ ಕಾಣಿಸುವುದು ಬಹುಮಟ್ಟಿಗೆ ಇದೇ. ಗ್ರಾಹಕನಿಗೆ ಸಾಮಾನ್ಯವಾಗಿ ಈ ದರ ಸಿಗುವುದಿಲ್ಲ. ಬ್ಯಾಂಕು ಅದರಿಂದ ಸ್ವಲ್ಪ ಸರಿದು ತನ್ನದೊಂದು ದರವನ್ನು ಹೇಳುತ್ತದೆ, ಆ ಸರಿದ ಅಂತರವೇ ಅದರ ಲಾಭ. ಈ ಲಾಭ ರಸೀದಿಯಲ್ಲಿ ಶುಲ್ಕವೆಂದು ಕಾಣುವುದಿಲ್ಲವಾದ್ದರಿಂದ 'ಶುಲ್ಕವಿಲ್ಲದ ರವಾನೆ' ಎಂಬ ಜಾಹೀರಾತು ಸುಳ್ಳೂ ಆಗುವುದಿಲ್ಲ, ನಿಜವೂ ಆಗುವುದಿಲ್ಲ.

ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. ದುಡಿದ ದೇಶದ ಹಣದಲ್ಲಿ 1,00,000 ಉಳಿತಾಯವಿದೆ, ಮಧ್ಯಮ ದರದಂತೆ ಅದರ ಒಂದಕ್ಕೆ ತಾಯ್ನಾಡಿನ ಹಣದಲ್ಲಿ 80 ಸಿಗಬೇಕು ಎಂದಿಟ್ಟುಕೊಳ್ಳಿ. ಮೊದಲ ಸಂಸ್ಥೆ ಶುಲ್ಕವಿಲ್ಲ ಎನ್ನುತ್ತದೆ, ಆದರೆ 78.40 ದರ ಕೊಡುತ್ತದೆ, ಕೈಗೆ ಬರುವುದು 78,40,000. ಎರಡನೆಯ ಸಂಸ್ಥೆ 450 ಶುಲ್ಕ ಕೇಳುತ್ತದೆ, ಆದರೆ 79.84 ದರ ಕೊಡುತ್ತದೆ. ಉಳಿದ 99,550ಕ್ಕೆ ಕೈಗೆ ಬರುವುದು 79,48,072. ಶುಲ್ಕವಿಲ್ಲದ ದಾರಿಯಲ್ಲಿ 1,08,072 ಕಡಿಮೆ ಬಂತು, ಅಂದರೆ ಆ ದಾರಿಯ ನಿಜವಾದ ಬೆಲೆ 2,000, ಶುಲ್ಕವಿರುವ ದಾರಿಯದು ಸುಮಾರು 650. ಹೀಗಾಗಿ ಯಾವ ಸಂಸ್ಥೆಯನ್ನು ಕೇಳಿದರೂ 'ಶುಲ್ಕ ಎಷ್ಟು' ಎಂಬ ಪ್ರಶ್ನೆಯಿಂದ ಪ್ರಯೋಜನವಿಲ್ಲ. 'ನಾನು ಇಷ್ಟು ಕೊಟ್ಟರೆ ಅಲ್ಲಿನ ಖಾತೆಗೆ ಎಷ್ಟು ಬೀಳುತ್ತದೆ' ಎಂದು ಕೇಳಿ, ಒಂದೇ ದಿನ ಒಂದೇ ಹೊತ್ತಿನಲ್ಲಿ ಎರಡು ಮೂರು ಕಡೆಯ ಉತ್ತರಗಳನ್ನು ಹೋಲಿಸಬೇಕು. ಅಮೆರಿಕದಲ್ಲಿ 2013ರಿಂದ ಜಾರಿಯಲ್ಲಿರುವ ನಿಯಮವೊಂದರಂತೆ ವ್ಯಕ್ತಿಗಳು ಹೊರದೇಶಕ್ಕೆ ಕಳಿಸುವ ಹಣದ ವಿಷಯದಲ್ಲಿ ದರ, ಶುಲ್ಕ ಮತ್ತು ತಲುಪುವ ಮೊತ್ತವನ್ನು ಪಾವತಿಗೆ ಮೊದಲೇ ತಿಳಿಸಬೇಕು, ಪಾವತಿಯಾದ 30 ನಿಮಿಷದೊಳಗೆ ಸಾಮಾನ್ಯವಾಗಿ ರದ್ದುಪಡಿಸುವ ಹಕ್ಕೂ ಇದೆ. ಇಂತಹ ನಿಯಮವಿಲ್ಲದ ಕಡೆ ಗ್ರಾಹಕನೇ ಈ ಪ್ರಶ್ನೆಯನ್ನು ಕೇಳಬೇಕಾಗುತ್ತದೆ.

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ, ವಲಸೆ ದುಡಿಮೆಗಾರರು ಮನೆಗೆ ಕಳಿಸುವ ಹಣದ ವೆಚ್ಚವನ್ನು 2030ರೊಳಗೆ ಶೇಕಡಾ 3ಕ್ಕಿಂತ ಕೆಳಗಿಳಿಸಬೇಕು ಎಂಬುದೂ ಸೇರಿದೆ. ವಿಶ್ವಬ್ಯಾಂಕು ಈ ವೆಚ್ಚವನ್ನು ಅಳೆಯುವುದು ಮುಖ್ಯವಾಗಿ 200 ಡಾಲರ್ ರವಾನೆಯ ಮೇಲೆ. ತಿಂಗಳಿಗೊಮ್ಮೆ ಸಣ್ಣ ಮೊತ್ತ ಕಳಿಸುವವರಿಗೆ ನಿಗದಿತ ಶುಲ್ಕ ಭಾರವಾಗುತ್ತದೆ, ಇಡೀ ಉಳಿತಾಯವನ್ನು ಒಮ್ಮೆಗೆ ತರುವವರಿಗೆ ಅದು ಲೆಕ್ಕಕ್ಕೇ ಬಾರದು, ದರದ ಅಂತರವೇ ಎಲ್ಲವೂ ಆಗುತ್ತದೆ. ದೊಡ್ಡ ಮೊತ್ತಕ್ಕೆ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗವನ್ನು ನೇರವಾಗಿ ಸಂಪರ್ಕಿಸಿ ಚೌಕಾಸಿ ಮಾಡಬಹುದು ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಹಾಗೆಯೇ ಹಣವನ್ನು ಯಾವ ಕಡೆ ಬದಲಾಯಿಸಬೇಕು ಎಂಬುದೂ ನಮ್ಮ ಆಯ್ಕೆ. ದುಡಿದ ದೇಶದ ಹಣದ ರೂಪದಲ್ಲಿಯೇ ಕಳಿಸಿದರೆ ತಾಯ್ನಾಡಿನ ಬ್ಯಾಂಕು ತನ್ನ ದರದಲ್ಲಿ ಬದಲಾಯಿಸುತ್ತದೆ, ಬದಲಾಯಿಸಿಯೇ ಕಳಿಸಿದರೆ ಕಳಿಸುವ ಬ್ಯಾಂಕಿನ ದರ ಅನ್ವಯಿಸುತ್ತದೆ. ಎರಡೂ ಕಡೆ ಕೇಳಿ ನೋಡದೆ ತೀರ್ಮಾನಿಸಬಾರದು.

ಕಡಿಮೆ ಅಂತರದಲ್ಲಿ ಹಣ ಕಳಿಸಿಕೊಡುವ ಹೊಸ ಕಂಪನಿಗಳು ಇದನ್ನು ಹೇಗೆ ಸಾಧಿಸುತ್ತವೆ ಎಂಬುದನ್ನು ಲಂಡನ್‌ನಲ್ಲಿದ್ದ ಇಬ್ಬರು ಎಸ್ಟೋನಿಯನ್ನರ ಪ್ರಸಂಗ ಸೊಗಸಾಗಿ ತೋರಿಸುತ್ತದೆ. ತಾವೆಟ್ ಹಿನ್ರಿಕುಸ್ ಅವರಿಗೆ ಸಂಬಳ ಯೂರೋದಲ್ಲಿ ಬರುತ್ತಿತ್ತು, ಖರ್ಚು ಪೌಂಡಿನಲ್ಲಿತ್ತು. ಕ್ರಿಸ್ಟೋ ಕಾರ್ಮನ್ ಅವರಿಗೆ ಸಂಬಳ ಪೌಂಡಿನಲ್ಲಿ, ಎಸ್ಟೋನಿಯಾದ ಮನೆ ಸಾಲದ ಕಂತು ಯೂರೋದಲ್ಲಿ. ಇಬ್ಬರೂ ಬ್ಯಾಂಕಿನ ಮೂಲಕ ಎದುರುಬದುರು ಹಣ ಕಳಿಸಿ ನಷ್ಟಪಡುವ ಬದಲು ಅಂದಿನ ಮಧ್ಯಮ ದರವನ್ನು ನೋಡಿ, ಒಬ್ಬರು ಇನ್ನೊಬ್ಬರ ಬ್ರಿಟಿಷ್ ಖಾತೆಗೆ ಪೌಂಡು ಹಾಕುವುದು, ಅವರು ಇವರ ಯೂರೋ ಖಾತೆಗೆ ಯೂರೋ ಹಾಕುವುದು ಎಂದು ಮಾಡಿಕೊಂಡರು. ಗಡಿಯನ್ನು ಒಂದು ಪೈಸೆಯೂ ದಾಟಲಿಲ್ಲ, ಇಬ್ಬರಿಗೂ ಬೇಕಾದ ಹಣ ಬೇಕಾದ ಕಡೆ ಸಿಕ್ಕಿತು. 2011ರಲ್ಲಿ ಅವರು ಕಟ್ಟಿದ, ಈಗ ವೈಸ್ ಎಂಬ ಹೆಸರಿನ ಕಂಪನಿಯ ಮೂಲ ಈ ಉಪಾಯ. ಎರಡೂ ದೇಶಗಳಲ್ಲಿ ಹಣದ ದಾಸ್ತಾನು ಇಟ್ಟುಕೊಂಡು ಸ್ಥಳೀಯ ಪಾವತಿಗಳನ್ನಷ್ಟೇ ಮಾಡುವ ಕಂಪನಿಗಳೆಲ್ಲ ಇದೇ ತತ್ವದ ಮೇಲೆ ನಡೆಯುತ್ತವೆ. ಅವುಗಳಿಗೆ ಒಂದು ಬಾರಿಗೆ ಇಷ್ಟೇ ಎಂಬ ಮಿತಿಗಳಿರುತ್ತವೆ, ಮತ್ತು ಕೆಲವು ದೇಶಗಳ ಮಟ್ಟಿಗೆ ಅವು ಲಭ್ಯವಿಲ್ಲ.

ದರದ ಅಂತರವನ್ನು ಚೌಕಾಸಿಯಿಂದ ಕುಗ್ಗಿಸಬಹುದು, ದರದ ಏರಿಳಿತವನ್ನು ಯಾರೂ ಹಿಡಿಯಲಾರರು. 2016ರ ಜೂನ್ 23ರ ರಾತ್ರಿ, ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಬೇಕೋ ಬೇಡವೋ ಎಂಬ ಮತದಾನದ ಎಣಿಕೆ ಆರಂಭವಾಗುವ ಹೊತ್ತಿಗೆ ಒಂದು ಪೌಂಡಿಗೆ ಸುಮಾರು 1.50 ಡಾಲರ್ ಇತ್ತು, ಬೆಳಗಾಗುವಷ್ಟರಲ್ಲಿ ಅದು 1.32ರ ಸಮೀಪಕ್ಕೆ ಕುಸಿದಿತ್ತು. 1 ಲಕ್ಷ ಪೌಂಡು ಉಳಿಸಿದ್ದವನ ಕೈಯಿಂದ ಒಂದೇ ರಾತ್ರಿಯಲ್ಲಿ 18,000 ಡಾಲರ್ ಜಾರಿತು. ತದ್ವಿರುದ್ಧವಾಗಿ, 2024ರ ಮಾರ್ಚ್ 6ರಂದು ಈಜಿಪ್ಟ್ ತನ್ನ ಹಣದ ಮೇಲಿನ ಹಿಡಿತವನ್ನು ಸಡಿಲಿಸಿದಾಗ ಡಾಲರೊಂದಕ್ಕೆ ಸುಮಾರು 31 ಈಜಿಪ್ಷಿಯನ್ ಪೌಂಡ್ ಇದ್ದ ಅಧಿಕೃತ ದರ ಅದೇ ದಿನ 50ರ ಆಸುಪಾಸಿಗೆ ಹೋಯಿತು. ಹಿಂದಿನ ದಿನ ಬ್ಯಾಂಕಿನ ಮೂಲಕ ಕಳಿಸಿದವರಿಗೂ ಮರುದಿನ ಕಳಿಸಿದವರಿಗೂ ನಡುವೆ ಅರ್ಧಕ್ಕಿಂತ ಹೆಚ್ಚಿನ ವ್ಯತ್ಯಾಸ. ಇವುಗಳನ್ನು ಮುಂಚಿತವಾಗಿ ಊಹಿಸಿ ಲಾಭ ಮಾಡಿಕೊಳ್ಳಬಹುದೆಂದು ನಂಬುವುದು ಜೂಜು. ಮರಳುವ ನಿರ್ಧಾರವಾದ ದಿನದಿಂದಲೇ ಉಳಿತಾಯವನ್ನು ನಾಲ್ಕೈದು ಭಾಗ ಮಾಡಿ, ಒಂದೂವರೆ ಎರಡು ತಿಂಗಳಿಗೊಮ್ಮೆ ದರ ಹೇಗಿದ್ದರೂ ಕಳಿಸುತ್ತ ಬರುವುದು ನನ್ನ ದೃಷ್ಟಿಯಲ್ಲಿ ಸಾಮಾನ್ಯ ಸಂಸಾರಕ್ಕೆ ಒಪ್ಪುವ ದಾರಿ. ಅತ್ಯುತ್ತಮ ದರ ತಪ್ಪಬಹುದು, ಎಲ್ಲವೂ ಕೆಟ್ಟ ದಿನಕ್ಕೆ ಸಿಕ್ಕಿಬೀಳುವ ಅಪಾಯವೂ ತಪ್ಪುತ್ತದೆ.

ನಿರ್ದಿಷ್ಟ ದಿನಾಂಕಕ್ಕೆ ನಿರ್ದಿಷ್ಟ ಮೊತ್ತ ಕೊಡಬೇಕಾದವರಿಗೆ ಫಾರ್ವರ್ಡ್ ಒಪ್ಪಂದ ಎಂಬ ಇನ್ನೊಂದು ದಾರಿಯಿದೆ. ಮುಂದಿನ ದಿನಾಂಕದ ವಿನಿಮಯ ದರವನ್ನು ಇಂದೇ ಗೊತ್ತುಮಾಡಿಕೊಳ್ಳುವ ಒಪ್ಪಂದವದು. ಆ ದರವನ್ನು ಬ್ಯಾಂಕಿನವರ ಭವಿಷ್ಯವಾಣಿ ಎಂದು ತಪ್ಪಾಗಿ ತಿಳಿಯುವವರಿದ್ದಾರೆ. ಅದು ಎರಡು ದೇಶಗಳ ಬಡ್ಡಿದರಗಳಿಂದ ಹುಟ್ಟುವ ಶುದ್ಧ ಲೆಕ್ಕ. ದುಡಿದ ದೇಶದಲ್ಲಿ ಬಡ್ಡಿ ಶೇಕಡಾ 5, ತಾಯ್ನಾಡಿನಲ್ಲಿ ಶೇಕಡಾ 10 ಇದ್ದರೆ, ಇಂದು 80 ಇರುವ ದರವನ್ನು 1.10ರಿಂದ ಗುಣಿಸಿ 1.05ರಿಂದ ಭಾಗಿಸಿದಾಗ ಬರುವ 83.81 ಒಂದು ವರ್ಷದ ನಂತರದ ದರವಾಗುತ್ತದೆ. ಹೆಚ್ಚಿನ 3.81 ಲಾಭವಲ್ಲ, ಒಂದು ವರ್ಷ ಹೆಚ್ಚಿನ ಬಡ್ಡಿಯನ್ನು ಬಿಟ್ಟುಕೊಟ್ಟದ್ದಕ್ಕೆ ಸಿಗುವ ಪರಿಹಾರ. ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಮನೆಯ ವ್ಯವಹಾರ ಮುರಿದುಬಿದ್ದರೂ ಹಣವನ್ನು ಆ ದರದಲ್ಲಿ ಬದಲಾಯಿಸಲೇಬೇಕು ಎಂಬುದನ್ನು ಮರೆಯಬಾರದು.

ಎಷ್ಟೇ ಒಳ್ಳೆಯ ದರ ಸಿಕ್ಕಿದ್ದರೂ ರವಾನೆ ನಿಂತುಹೋಗುವುದು ಬಹುತೇಕ ಕಾಗದಪತ್ರಗಳ ಕೊರತೆಯಿಂದ. ಏಳು ಪ್ರಮುಖ ಕೈಗಾರಿಕಾ ದೇಶಗಳು 1989ರಲ್ಲಿ ಪ್ಯಾರಿಸ್‌ನ ಶೃಂಗಸಭೆಯಲ್ಲಿ ಅಕ್ರಮ ಹಣದ ಚಲಾವಣೆಯನ್ನು ತಡೆಯಲೆಂದು ಹುಟ್ಟುಹಾಕಿದ ಎಫ್‌ಎಟಿಎಫ್ ಎಂಬ ಕಾರ್ಯಪಡೆಯ ಮಾನದಂಡಗಳು ಇಂದು ಜಗತ್ತಿನ ಬಹುಪಾಲು ಬ್ಯಾಂಕುಗಳಿಗೆ ಅನ್ವಯಿಸುತ್ತವೆ. ಅವುಗಳ ಪ್ರಕಾರ ಗ್ರಾಹಕನು ಯಾರು ಎಂಬುದನ್ನು ತಿಳಿದಿದ್ದರೆ ಸಾಲದು, ಅಸಾಮಾನ್ಯವಾಗಿ ಕಾಣುವ ಹಣ ಎಲ್ಲಿಂದ ಬಂತು ಎಂಬುದನ್ನೂ ಬ್ಯಾಂಕು ವಿಚಾರಿಸಬೇಕು. ಹನ್ನೊಂದು ವರ್ಷ ಹೊರದೇಶದ ಆಸ್ಪತ್ರೆಗಳಲ್ಲಿ ದುಡಿದ ಒಬ್ಬ ದಾದಿಯನ್ನು ಕಲ್ಪಿಸಿಕೊಳ್ಳಿ. ಮೊದಲ ನಾಲ್ಕು ವರ್ಷದ ಸಂಬಳ ಒಂದು ಬ್ಯಾಂಕಿಗೆ ಬಂದಿತ್ತು. ಆಸ್ಪತ್ರೆ ಬದಲಾದಾಗ ಆಕೆ ಆ ಖಾತೆಯನ್ನು ಮುಚ್ಚಿ ಅದರಲ್ಲಿದ್ದುದನ್ನೆಲ್ಲ ಇನ್ನೊಂದು ಬ್ಯಾಂಕಿಗೆ ಒಮ್ಮೆಗೇ ವರ್ಗಾಯಿಸಿಕೊಂಡಳು. ಈಗ ತಾಯ್ನಾಡಿಗೆ ಕಳಿಸಹೊರಟಾಗ ಎರಡನೆಯ ಬ್ಯಾಂಕಿನ ಅಧಿಕಾರಿ, ಏಳು ವರ್ಷದ ಹಿಂದೆ ಒಂದೇ ದಿನ ಬಂದ ಈ ದೊಡ್ಡ ಮೊತ್ತ ಯಾವುದು ಎಂದು ಕೇಳುತ್ತಾರೆ. ಆಕೆಯ ಬಳಿ ಉತ್ತರವಿದೆ, ಕಾಗದವಿಲ್ಲ. ಮುಚ್ಚಿದ ಖಾತೆಗೆ ಆನ್‌ಲೈನ್ ಪ್ರವೇಶವಿಲ್ಲ, ಮೊದಲ ಆಸ್ಪತ್ರೆಯ ವೇತನ ಚೀಟಿಗಳು ಆ ಆಸ್ಪತ್ರೆಯ ಇಮೇಲ್ ಜೊತೆಗೇ ಹೋದವು, ಬ್ಯಾಂಕುಗಳೂ ಹಳೆಯ ದಾಖಲೆಗಳನ್ನು ಕೆಲವು ವರ್ಷಗಳಷ್ಟೇ ಇಟ್ಟುಕೊಳ್ಳುತ್ತವೆ. ಬೆವರು ಸುರಿಸಿ ಗಳಿಸಿದ ಹಣವೇ ಸಂಶಯದ ಹಣದಂತೆ ವಾರಗಟ್ಟಲೆ ತಡೆಹಿಡಿಯಲ್ಪಟ್ಟು ಕೂರುತ್ತದೆ.

ಆಕೆಯ ಈ ಸಂಕಟಕ್ಕೆ ಇರುವ ಪರಿಹಾರ ವರ್ಷಕ್ಕೊಮ್ಮೆ ಒಂದು ಗಂಟೆಯ ಕೆಲಸ. ವರ್ಷದ ತೆರಿಗೆ ಪತ್ರ, ಡಿಸೆಂಬರ್ ತಿಂಗಳ ವೇತನ ಚೀಟಿ, ಎಲ್ಲ ಖಾತೆಗಳ ಸ್ಟೇಟ್‌ಮೆಂಟ್, ಕಾರು ಅಥವಾ ಷೇರು ಮಾರಿದ ಒಪ್ಪಂದ, ಇವುಗಳನ್ನು ಕಚೇರಿಯ ಕಂಪ್ಯೂಟರಿನಲ್ಲಿ ಅಲ್ಲದೆ ಸ್ವಂತ ಜಾಗದಲ್ಲಿ ಉಳಿಸಿಟ್ಟರೆ ಇಡೀ ದುಡಿಮೆಯ ಕಥೆ ಹತ್ತಿಪ್ಪತ್ತು ಪುಟಗಳಲ್ಲಿ ಸಾಬೀತಾಗುತ್ತದೆ. ಎರಡೂ ದೇಶಗಳ ಖಾತೆಗಳಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ ಎಂದು ನೋಡಿಕೊಳ್ಳುವುದೂ ಇದರೊಂದಿಗೆ ಸೇರಬೇಕು. ಒಂದು ಕಡೆ ಹೆಸರಿನ ಮೊದಲಕ್ಷರ, ಇನ್ನೊಂದು ಕಡೆ ಪೂರ್ಣರೂಪ ಇದ್ದರೆ ಸಾಕು, ರವಾನೆ ಪ್ರಶ್ನೆಗೆ ಸಿಕ್ಕಿಕೊಳ್ಳುತ್ತದೆ.

ಮೇಲೆ ಉಳಿತಾಯವನ್ನು ಭಾಗ ಮಾಡಿ ಕಳಿಸುವ ಮಾತು ಬಂದಿತು. ಅದನ್ನು ವರದಿಯ ಮಿತಿಯಿಂದ ತಪ್ಪಿಸಿಕೊಳ್ಳುವ ತಂತ್ರವೆಂದು ಯಾರೂ ಅರ್ಥ ಮಾಡಿಕೊಳ್ಳಬಾರದು. ಅಮೆರಿಕದಲ್ಲಿ 10,000 ಡಾಲರ್ ಮೀರಿದ ನಗದು ವ್ಯವಹಾರವನ್ನು ಬ್ಯಾಂಕು ಸರ್ಕಾರಕ್ಕೆ ವರದಿ ಮಾಡಬೇಕು, ಆ ವರದಿಯನ್ನು ತಪ್ಪಿಸುವ ಉದ್ದೇಶದಿಂದಲೇ ಮೊತ್ತವನ್ನು ಒಡೆದು ಕಟ್ಟುವುದು ಹಣ ಸಂಪೂರ್ಣ ನ್ಯಾಯವಾಗಿ ಗಳಿಸಿದ್ದಾದರೂ ಸ್ವತಂತ್ರ ಅಪರಾಧ. ವರದಿಯಾದರೆ ಯಾವ ನಷ್ಟವೂ ಇಲ್ಲ, ಅಡಗಿಸಲು ಹೋದರೆ ಇಲ್ಲದ ಕಳಂಕ ಮೆತ್ತಿಕೊಳ್ಳುತ್ತದೆ. ಬ್ಯಾಂಕಿನ ಹೊರಗೆ ನಂಬಿಕೆಯ ಮೇಲೆ ನಡೆಯುವ ಹವಾಲಾ ದಾರಿಯೂ ಇದೇ ಕಾರಣಕ್ಕೆ ದುಬಾರಿ. ದರ ಒಳ್ಳೆಯದಿರಬಹುದು, ಆದರೆ ಹಣ ಎಲ್ಲಿಂದ ಬಂತೆಂದು ತೋರಿಸುವ ಒಂದು ಸಾಲೂ ಉಳಿಯುವುದಿಲ್ಲ, ಅನೇಕ ದೇಶಗಳಲ್ಲಿ ಅದು ಕಾನೂನುಬಾಹಿರವೂ ಹೌದು. ನಗದನ್ನು ಕೈಯಲ್ಲಿ ಒಯ್ಯುವವರು ಯುರೋಪಿಯನ್ ಒಕ್ಕೂಟವನ್ನು ಪ್ರವೇಶಿಸುವಾಗ ಅಥವಾ ಬಿಡುವಾಗ 10,000 ಯೂರೋ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಘೋಷಿಸಬೇಕು.

ತೆರಿಗೆಯ ವಿಷಯದಲ್ಲಿ ಜನರ ಭಯವೂ ಧೈರ್ಯವೂ ಸಾಮಾನ್ಯವಾಗಿ ತಪ್ಪು ಜಾಗದಲ್ಲಿರುತ್ತವೆ. ಹಿಂದೆಯೇ ಗಳಿಸಿ ಉಳಿಸಿದ ಅಸಲನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ತಂದುಕೊಂಡ ಮಾತ್ರಕ್ಕೆ ಅದು ಹೊಸ ಆದಾಯವಾಗುವುದಿಲ್ಲ ಎಂಬುದು ಹೆಚ್ಚಿನ ದೇಶಗಳ ಸಾಮಾನ್ಯ ನಿಯಮ. ಆದರೆ ಒಳಗೆ ತಂದಾಗ ತೆರಿಗೆ ಹಾಕುವ ಪದ್ಧತಿಯೂ ಇದೆ. ಥಾಯ್ಲೆಂಡಿನಲ್ಲಿ ತೆರಿಗೆ ನಿವಾಸಿಯಾಗಿರುವವರು, ಅಂದರೆ ತೆರಿಗೆಯ ಲೆಕ್ಕಕ್ಕೆ ಅಲ್ಲಿನ ನಿವಾಸಿಯೆಂದು ಎಣಿಸಲ್ಪಡುವವರು, 2024ರ ಜನವರಿ 1ರಿಂದ ಈಚೆಗೆ ಹೊರದೇಶದಲ್ಲಿ ಗಳಿಸಿದ ಆದಾಯವನ್ನು ಒಳಗೆ ತಂದರೆ ಅದು ತೆರಿಗೆಗೆ ಒಳಪಡುತ್ತದೆ, ಆ ದಿನಾಂಕಕ್ಕಿಂತ ಹಿಂದೆ ಗಳಿಸಿದ್ದಕ್ಕೆ ವಿನಾಯಿತಿಯಿದೆ. ಯಾವ ರೂಪಾಯಿ ಯಾವ ವರ್ಷದ್ದು ಎಂದು ತೋರಿಸುವ ಸ್ಟೇಟ್‌ಮೆಂಟ್‌ಗೆ ಅಲ್ಲಿ ಎಷ್ಟು ಬೆಲೆ ಎಂಬುದನ್ನು ಊಹಿಸಿಕೊಳ್ಳಬಹುದು. ಬಡ್ಡಿ, ಲಾಭಾಂಶ ಮತ್ತು ಷೇರು ಮಾರಾಟದ ಲಾಭದ ಮಟ್ಟಿಗೆ ನಿರ್ಣಾಯಕವಾಗುವುದು ತೆರಿಗೆ ನಿವಾಸ ಬದಲಾಗುವ ದಿನಾಂಕ. ಕೆನಡಾ ಮತ್ತು ಆಸ್ಟ್ರೇಲಿಯಾದಲ್ಲಿ ಹೊಸದಾಗಿ ನಿವಾಸಿಯಾದವರ ಬಹುಪಾಲು ಆಸ್ತಿಗಳಿಗೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಮುಂದೆ ಮಾರಿದಾಗ ಲಾಭವನ್ನು ಅಳೆಯುವ ಮೂಲಬೆಲೆಯೆಂದು ಎಣಿಸುತ್ತಾರೆ. ಇನ್ನು ಕೆನಡಾವನ್ನು ಬಿಟ್ಟು ಹೊರಡುವವರು ಹಲವು ಬಗೆಯ ಆಸ್ತಿಯನ್ನು ಹೊರಡುವ ದಿನವೇ ಮಾರಿದಂತೆ ಭಾವಿಸಿ ಲಾಭದ ಮೇಲೆ ತೆರಿಗೆ ಕಟ್ಟಬೇಕಾಗುತ್ತದೆ. ಅಮೆರಿಕದ ಪೌರರಾದವರು ಜಗತ್ತಿನ ಎಲ್ಲಿ ನೆಲೆಸಿದ್ದರೂ ಅಮೆರಿಕಕ್ಕೆ ತೆರಿಗೆ ಲೆಕ್ಕ ಸಲ್ಲಿಸುತ್ತಲೇ ಇರಬೇಕು. ಷೇರುಗಳನ್ನು ಹೊರಡುವ ಮೊದಲು ಮಾರುವುದೋ ಮರಳಿದ ಮೇಲೆ ಮಾರುವುದೋ ಎಂಬ ಒಂದೇ ನಿರ್ಧಾರ, ವಿನಿಮಯ ದರದಲ್ಲಿ ಚೌಕಾಸಿ ಮಾಡಿ ಉಳಿಸುವುದಕ್ಕಿಂತ ಹೆಚ್ಚನ್ನು ಉಳಿಸಬಹುದು ಅಥವಾ ಕಳೆಯಬಹುದು. ಇಲ್ಲಿ ಎರಡೂ ದೇಶಗಳ ಕಾನೂನು ಬಲ್ಲ ತೆರಿಗೆ ಸಲಹೆಗಾರರಿಗೆ ಕೊಡುವ ಹಣ ವ್ಯರ್ಥವಲ್ಲ. ಹೊರಗಿನ ಖಾತೆಯನ್ನು ತಾಯ್ನಾಡಿನ ಇಲಾಖೆಗೆ ಹೇಳದೆ ಇಟ್ಟುಕೊಳ್ಳಬಹುದು ಎಂಬ ಎಣಿಕೆಗೂ ಈಗ ಆಧಾರವಿಲ್ಲ. ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಸ್ಥೆಯಾದ ಒಇಸಿಡಿ 2014ರಲ್ಲಿ ರೂಪಿಸಿದ ಏಕರೂಪ ಮಾನದಂಡದಡಿ 2017ರಿಂದ ದೇಶಗಳು ಪರಸ್ಪರ ಖಾತೆಗಳ ವಿವರವನ್ನು ತಾವಾಗಿಯೇ ಹಂಚಿಕೊಳ್ಳುತ್ತಿವೆ, ನೂರಕ್ಕೂ ಹೆಚ್ಚು ಪ್ರದೇಶಗಳು ಇದರಲ್ಲಿ ಸೇರಿವೆ.

ಬ್ಯಾಂಕಿನ ಉಳಿತಾಯದಷ್ಟೇ ಮುಖ್ಯವಾದ, ಆದರೆ ಸುಲಭವಾಗಿ ಮರೆತುಹೋಗುವ ಇನ್ನೊಂದು ನಿಧಿ ಎಂದರೆ ಪಿಂಚಣಿ. ಜಪಾನಿನಲ್ಲಿ ದುಡಿದು ಮರಳುವ ವಿದೇಶಿಯರು, ಪಿಂಚಣಿಗೆ ಅರ್ಹತೆ ಕೊಡುವಷ್ಟು ದೀರ್ಘಕಾಲ ವಂತಿಗೆ ಕಟ್ಟದಿದ್ದರೆ, ಅದರ ಒಂದು ಭಾಗವನ್ನು ಇಡಿಗಂಟಾಗಿ ಹಿಂಪಡೆಯಬಹುದು, ಅರ್ಜಿಗೆ ಅಲ್ಲಿನ ವಿಳಾಸ ಕೊನೆಗೊಂಡ ನಂತರದ ಎರಡು ವರ್ಷ ಗಡುವು. ನೌಕರರ ಪಿಂಚಣಿಯ ಇಡಿಗಂಟಿನಿಂದ ಶೇಕಡಾ 20.42ರಷ್ಟು ತೆರಿಗೆ ಕಡಿತವಾಗುತ್ತದೆ. ಆ ಕಡಿತವನ್ನು ಮರಳಿ ಕೇಳಲು ಅಲ್ಲಿಯೇ ನೆಲೆಸಿರುವ ಒಬ್ಬರನ್ನು ತೆರಿಗೆ ಪ್ರತಿನಿಧಿಯಾಗಿ ನೇಮಿಸಬೇಕು, ಹೊರಡುವ ಮೊದಲು ತೆರಿಗೆ ಕಚೇರಿಯಲ್ಲಿ ಒಂದು ಅರ್ಜಿ ಕೊಟ್ಟರೆ ಅದು ಮುಗಿಯುವ ಕೆಲಸ. ಆಸ್ಟ್ರೇಲಿಯಾದಲ್ಲಿ ತಾತ್ಕಾಲಿಕ ವೀಸಾದ ಮೇಲೆ ದುಡಿದವರು ದೇಶ ಬಿಟ್ಟು ವೀಸಾ ಕೊನೆಗೊಂಡ ಮೇಲೆ ತಮ್ಮ ಸೂಪರ್‌ಆ್ಯನ್ಯುಯೇಷನ್ ಎಂಬ ನಿವೃತ್ತಿ ನಿಧಿಯ ಹಣವನ್ನು ಕೇಳಿ ಪಡೆಯಬಹುದು, ತೆರಿಗೆ ಸಾಮಾನ್ಯವಾಗಿ ಶೇಕಡಾ 35, ವರ್ಕಿಂಗ್ ಹಾಲಿಡೇ ವೀಸಾದವರಿಗಾದರೆ ಶೇಕಡಾ 65. ಅಮೆರಿಕದ 401(ಕೆ) ಎಂಬ ನಿವೃತ್ತಿ ಉಳಿತಾಯ ಖಾತೆಯನ್ನು 59 ವರ್ಷ 6 ತಿಂಗಳಿಗೆ ಮೊದಲು ಮುರಿದರೆ ಆದಾಯ ತೆರಿಗೆಯ ಮೇಲೆ ಸಾಮಾನ್ಯವಾಗಿ ಇನ್ನೂ ಶೇಕಡಾ 10 ಹೋಗುತ್ತದೆ. ಎಲ್ಲವನ್ನೂ ಒಟ್ಟಿಗೆ ತಂದುಬಿಡುವ ಆತುರ ಇಂತಹ ಕಡೆ ಒಳ್ಳೆಯದಲ್ಲ, ಕೆಲವು ಹಣ ಇದ್ದಲ್ಲಿಯೇ ಇರುವುದು ಲೇಸು.

ತಂದ ಹಣ ಎಲ್ಲಿ ಇಳಿಯುತ್ತದೆ ಎಂಬುದರ ಬಗ್ಗೆಯೂ ಅಷ್ಟೇ ಎಚ್ಚರ ಬೇಕು. ಲೆಬನಾನ್ ತನ್ನ ಹಣವನ್ನು 1997ರಿಂದ ಡಾಲರಿಗೆ 1,507.5ರ ದರದಲ್ಲಿ ಕಟ್ಟಿಹಾಕಿತ್ತು, ಹೊರದೇಶಗಳಲ್ಲಿ ದುಡಿದವರು ಆಕರ್ಷಕ ಬಡ್ಡಿಯನ್ನು ನಂಬಿ ಜೀವಮಾನದ ಡಾಲರ್ ಉಳಿತಾಯವನ್ನು ಅಲ್ಲಿನ ಬ್ಯಾಂಕುಗಳಿಗೆ ತಂದಿದ್ದರು. 2019ರ ಅಕ್ಟೋಬರ್‌ನಿಂದ ಆ ಬ್ಯಾಂಕುಗಳು ಹಣ ತೆಗೆಯುವುದಕ್ಕೂ ಹೊರಗೆ ಕಳಿಸುವುದಕ್ಕೂ ತಡೆ ಹಾಕಿದವು, ಖಾತೆಯಲ್ಲಿ ಅಂಕಿಯಿದ್ದೂ ಕೈಗೆ ಹಣವಿಲ್ಲದಂತಾಯಿತು. ಸೈಪ್ರಸ್‌ನಲ್ಲಿ 2013ರಲ್ಲಿ ಅಲ್ಲಿನ ಅತಿ ದೊಡ್ಡ ಬ್ಯಾಂಕಿನ ಠೇವಣಿದಾರರಿಗೆ 1 ಲಕ್ಷ ಯೂರೋ ಮೀರಿದ ಭಾಗದ ಶೇಕಡಾ 47.5ರಷ್ಟು ಬ್ಯಾಂಕಿನ ಷೇರುಗಳಾಗಿ ಮಾರ್ಪಟ್ಟಿತು. 1 ಲಕ್ಷ ಯೂರೋವರೆಗಿನ ಠೇವಣಿ ಸುರಕ್ಷಿತವಾಗಿ ಉಳಿಯಿತು, ಏಕೆಂದರೆ ಯುರೋಪಿಯನ್ ಒಕ್ಕೂಟದ ಠೇವಣಿ ವಿಮೆಯ ಮಿತಿ ಅಷ್ಟಿತ್ತು. ಆದುದರಿಂದ ತಾಯ್ನಾಡಿನ ಠೇವಣಿ ವಿಮೆಯ ಮಿತಿಯನ್ನು ತಿಳಿದುಕೊಂಡು ಮೊತ್ತವನ್ನು ಒಂದಕ್ಕಿಂತ ಹೆಚ್ಚು ಬ್ಯಾಂಕುಗಳಲ್ಲಿ ಇಡಬೇಕು. ಮರಳಿ ಬಂದವರು ವಿದೇಶಿ ಹಣದ ರೂಪದಲ್ಲಿಯೇ ಖಾತೆ ಇಟ್ಟುಕೊಳ್ಳಲು ಕಾನೂನು ಅವಕಾಶ ಕೊಡುತ್ತಿದ್ದರೆ, ತಕ್ಷಣ ಬೇಕಿಲ್ಲದ ಭಾಗವನ್ನು ಹಾಗೆ ಇಡುವ ಬಗ್ಗೆ ಯೋಚಿಸಬೇಕು.

ದುಡಿದ ದೇಶದ ಖಾತೆಯನ್ನು ಹೊರಡುವ ದಿನವೇ ಮುಚ್ಚುವುದು ಅವಸರ. ಕೊನೆಯ ಸಂಬಳ, ಬಾಡಿಗೆ ಮನೆಯ ಮುಂಗಡ, ತೆರಿಗೆ ಮರುಪಾವತಿ, ವಿಮೆಯ ಬಾಕಿ, ಇವೆಲ್ಲ ತಿಂಗಳುಗಳ ನಂತರ, ಬಹಳಷ್ಟು ಸಲ ಅದೇ ದೇಶದ ಖಾತೆಗೇ ಬರುತ್ತವೆ. ನಿವಾಸಿಯಲ್ಲದವರಿಗೂ ಖಾತೆ ಇಟ್ಟುಕೊಳ್ಳಲು ಬ್ಯಾಂಕು ಒಪ್ಪುತ್ತದೆಯೇ ಎಂದು ಮೊದಲು ವಿಚಾರಿಸಿ, ಒಪ್ಪಿದರೆ ವಿಳಾಸವನ್ನೂ ಮೊಬೈಲ್ ಸಂಖ್ಯೆಯನ್ನೂ ಶಾಖೆಯಲ್ಲಿಯೇ ಕುಳಿತು ಬದಲಾಯಿಸಿ, ಹೊಸ ಸಂಖ್ಯೆಗೆ ಒಟಿಪಿ ಬರುವುದನ್ನು ಪರೀಕ್ಷಿಸಿ, ರವಾನೆಯ ದೈನಂದಿನ ಮಿತಿಯನ್ನು ಏರಿಸಿಕೊಂಡು, ಖರ್ಚಿಗಿಷ್ಟು ಉಳಿಸಿ ಹೊರಡಬೇಕು. ಬರಬೇಕಾದ ಬಾಕಿಯೆಲ್ಲ ಬಂದ ಮೇಲೆ ಖಾತೆಯನ್ನು ಮುಚ್ಚಿ, ಮುಚ್ಚಿದ ಪತ್ರವನ್ನೂ ಕೊನೆಯ ಸ್ಟೇಟ್‌ಮೆಂಟನ್ನೂ ಪಾವತಿ ಸಂದೇಶಗಳ ಪ್ರತಿಗಳೊಂದಿಗೆ ಒಂದೇ ಕಡತದಲ್ಲಿ ಇಡಬೇಕು. ಐದಾರು ವರ್ಷದ ನಂತರ ಮನೆ ಕೊಳ್ಳುವಾಗಲೋ ಅಥವಾ ಮಗಳ ಓದಿಗೆ ಹಣ ಹೊರಗೆ ಕಳಿಸುವಾಗಲೋ, ಈ ಹಣ ಎಲ್ಲಿಂದ ಬಂತು ಎಂಬ ಅದೇ ಪ್ರಶ್ನೆಯನ್ನು ಇನ್ನೊಬ್ಬ ಅಧಿಕಾರಿ ಕೇಳಿದಾಗ ಆ ಕಡತವನ್ನು ಮೇಜಿನ ಮೇಲಿಟ್ಟರೆ ಸಾಕಾಗುತ್ತದೆ.